ಕೋಲಿಲ್ಲ, ಗೇಟಿದೆ: ಬಳ್ಳಾರಿಯ ಒಂದು ಪ್ರೈಮರಿ ಶಾಲೆಯ ಶಿಸ್ತಿನ ಬಗ್ಗೆ

ಮಕ್ಕಳನ್ನು ಯಾವ ಶಾಲೆಗೆ ಹಾಕಿದ್ದೀರಿ ಅಂತ ಕೇಳುವವರು ಮೊದಲು ಫೀಸು ಕೇಳುತ್ತಾರೆ, ಆಮೇಲೆ ವ್ಯಾನು, ಆಮೇಲೆ ಇಂಗ್ಲಿಷು. ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಸ್ಟ್ರಿಕ್ಟ್ ಇದಾರಾ?" ಇದಕ್ಕೆ ಹೌದು ಅಂದರೂ ಪೂರ್ತಿ ನಿಜ ಅಲ್ಲ, ಇಲ್ಲ ಅಂದರೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಬಿಲ್ಡಿಂಗ್ ಹೇಗಿದೆ, ಕಂಪ್ಯೂಟರ್ ಎಷ್ಟಿವೆ, ಗ್ಯಾದರಿಂಗ್ ಹೇಗೆ ಮಾಡುತ್ತಾರೆ ಅನ್ನುವುದೆಲ್ಲ ಇಲ್ಲಿಲ್ಲ. ಶಿಸ್ತಿನ ವಿಷಯ ಮಾತ್ರ.

ಶಾಲೆಯ ಹೆಸರು ಹಾಕುವುದಿಲ್ಲ. ಮಗಳು ಮೂರನೇ ಕ್ಲಾಸು, ಮಗ ಒಂದನೇ ಕ್ಲಾಸು, ಇಬ್ಬರೂ ಇನ್ನೂ ಅಲ್ಲೇ ಓದುತ್ತಿದ್ದಾರೆ. ಊರೊಳಗಿನ ಖಾಸಗಿ ಶಾಲೆ, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಎಲ್‌ಕೆಜಿಯಿಂದ ಏಳನೇವರೆಗೆ. ಗಾಂಧಿನಗರ, ಸತ್ಯನಾರಾಯಣ ಪೇಟೆ, ಕೌಲ್ ಬಜಾರ್, ಎಲ್ಲಿ ನೋಡಿದರೂ ಇಂಥ ಶಾಲೆ ಇದೆ. ಯಾವುದು ಅಂತ ಊಹೆ ಮಾಡುತ್ತಾ ಕೂರಬೇಡಿ. ನಿಮ್ಮ ಮಕ್ಕಳ ಶಾಲೆಯಲ್ಲೂ ಇದರಲ್ಲಿ ಅರ್ಧವಾದರೂ ಇರುತ್ತದೆ.

ಅಡ್ಮಿಷನ್ ಆದ ಮೇಲೆ ಡೈರಿ ಕೊಡುತ್ತಾರೆ. ಮೊದಲ ಎರಡು ಪುಟ ಪೂರ್ತಿ ನಿಯಮಗಳು. ಹೆಣ್ಣುಮಕ್ಕಳಿಗೆ ಎರಡು ಜಡೆ, ಕಪ್ಪು ರಿಬ್ಬನ್. ಸೋಮವಾರ ಉಗುರು ನೋಡುತ್ತಾರೆ. ಬಳೆ, ಕಾಲ್ಗೆಜ್ಜೆ, ಮೆಹಂದಿ ಬೇಡ. ಟಿಫಿನ್ ಡಬ್ಬಿಯಲ್ಲಿ ಚಿಪ್ಸ್, ಕುರ್ಕುರೆ ಬೇಡ. ಹುಟ್ಟುಹಬ್ಬಕ್ಕೆ ಚಾಕಲೇಟ್ ಹಂಚಬಹುದು, ಕೇಕ್ ತರಬಾರದು. ಶನಿವಾರ ಬಿಳಿ ಯೂನಿಫಾರ್ಮ್, ಬಿಳಿ ಶೂ. (ಬಳ್ಳಾರಿಯ ಕೆಂಪು ಧೂಳಿನಲ್ಲಿ ಮಕ್ಕಳಿಗೆ ಬಿಳಿ ಶೂ ಹಾಕಿಸಬೇಕು ಅಂತ ಯಾರಿಗೆ ಹೊಳೆಯಿತೋ ಆ ದುರ್ಗಮ್ಮನಿಗೇ ಗೊತ್ತು. ಗೇಟಿನಿಂದ ಕ್ಲಾಸಿಗೆ ಹೋಗುವಷ್ಟರಲ್ಲಿ ಬಿಳಿ ಅನ್ನುವುದು ಹೆಸರಿಗೆ ಮಾತ್ರ.) ಹೊಡೆದಾಡಬಾರದು, ಬೈಯಬಾರದು, ಬೇರೆಯವರ ವಸ್ತು ಕೇಳದೆ ಮುಟ್ಟಬಾರದು. ಎಲ್ಲ ಸರಿಯಾಗಿಯೇ ಇದೆ.

ಆದರೆ ಏನು ಮಾಡಬಾರದು ಅಂತ ಎರಡು ಪುಟ ಬರೆದವರು, ಮಾಡಿದರೆ ಏನಾಗುತ್ತದೆ ಅಂತ ಬರೆದಿಲ್ಲ. "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಕೆಳಗೆ ಒಂದು ಸಾಲು ಇದೆ ಅಷ್ಟೇ. ಆ ಸೂಕ್ತ ಕ್ರಮ ಏನು ಅಂತ ನಮಗೆ ಗೊತ್ತಾಗುವುದು ಮಕ್ಕಳು ಮನೆಗೆ ಬಂದು ಹೇಳಿದಾಗ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಇಲ್ಲಿ ಹೊಡೆಯುವುದಿಲ್ಲ. ನಾನು ಸುಮ್ನೆ ಅವರ ಮಾತು ನಂಬಿ ಹೇಳುತ್ತಿಲ್ಲ, ಮಕ್ಕಳನ್ನು ಬೇರೆ ಬೇರೆ ರೀತಿ ಕೇಳಿ ನೋಡಿದ್ದೇನೆ, ಮಗಳ ಗೆಳತಿಯರನ್ನೂ ಕೇಳಿದ್ದೇನೆ. ಸ್ಕೇಲಿನ ಏಟಿಲ್ಲ, ಬಸ್ಕಿ ಇಲ್ಲ, ಬೆಂಚ್ ಮೇಲೆ ನಿಲ್ಲಿಸುವುದಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಕೋದಂಡ ಹಾಕುತ್ತಿದ್ದರಂತೆ, ಜಂತಿಗೆ ಕೈ ಕಟ್ಟಿ ನೇತು ಹಾಕುವುದು. ನಮ್ಮ ಕಾಲದಲ್ಲಿ ಬೆರಳ ಗಂಟಿನ ಮೇಲೆ ಸ್ಕೇಲು. ಅಂಗೈ ಮೇಲಲ್ಲ, ಕೈ ತಿರುಗಿಸಿ ಗಂಟಿನ ಮೇಲೆ. ಅದಕ್ಕೆ ಹೋಲಿಸಿದರೆ ಈ ಮಕ್ಕಳು ಪುಣ್ಯವಂತರು.

ಇದರಲ್ಲಿ ಶಾಲೆಯವರ ದೊಡ್ಡತನ ಏನೂ ಇಲ್ಲ, ಕಾನೂನೇ ಹಾಗಿದೆ ಅಂತ ಕೆಲವರು ಹೇಳುತ್ತಾರೆ. ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಬಾರದು ಅಂತ ಹೇಳುತ್ತದೆ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಹೊಡೆತ ಬೇಡ ಅಂತ ಬರೆದಿದ್ದರು. ಆಮೇಲೂ ನಾವು ಸ್ಕೇಲಿನ ಏಟು ತಿಂದೆವು, ಅದು ಬೇರೆ ಮಾತು. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಈ 17ನೇ ಸೆಕ್ಷನ್ ಮುರಿದವರಿಗೆ ಜೈಲು ಅಂತ ಆ ಕಾಯ್ದೆಯಲ್ಲಿ ಇಲ್ಲ. ಅವರ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ ಅಂತ ಮಾತ್ರ ಇದೆ. ಸರ್ಕಾರಿ ಶಾಲೆಯಲ್ಲಿ ಸೇವಾ ನಿಯಮ ಅಂದರೆ ಇಲಾಖೆ ಇದೆ. ಖಾಸಗಿ ಶಾಲೆಯಲ್ಲಿ ಆ ನಿಯಮ ನೋಡಿಕೊಳ್ಳುವವರು ಮ್ಯಾನೇಜ್‌ಮೆಂಟಿನವರೇ ಅಲ್ವಾ? ತೀರಾ ಕ್ರೂರವಾಗಿ ನಡೆದುಕೊಂಡರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ, ಅದರಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಆದರೆ ದಿನದಿನದ ಒಂದೊಂದು ಏಟಿಗೆ ಅಲ್ಲಿವರೆಗೆ ಯಾರು ಹೋಗುತ್ತಾರೆ? ಹಾಗಾಗಿ ಕೋಲು ಬಿಡುವುದು ಕೊನೆಗೂ ಶಾಲೆಯ ಮನಸ್ಸಿಗೆ ಬಿಟ್ಟದ್ದು, ಈ ಶಾಲೆ ಬಿಟ್ಟಿದೆ. ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನೂ ಒಂದು ಕಾರಣಕ್ಕೆ ಕೊಡುತ್ತೇನೆ. ಹೊಡೆಯಿರಿ ಅಂತ ಕೇಳುವವರು ನಾವೇ. ಪೇರೆಂಟ್ಸ್ ಮೀಟಿಂಗಿನಲ್ಲಿ ನನ್ನ ಮುಂದೆ ಕೂತಿದ್ದ ಒಬ್ಬರು ಮಗನನ್ನು ಟೀಚರ್ ಮುಂದೆ ನಿಲ್ಲಿಸಿ, "ಎರಡು ಬಿಗೀರಿ ಮೇಡಂ, ನಾವೇನೂ ಕೇಳಂಗಿಲ್ಲ, ಮನ್ಯಾಗ ಮಾತೇ ಕೇಳವಲ್ಲ" ಅಂದರು. ಹುಡುಗ ನೆಲ ನೋಡುತ್ತಿದ್ದ. ಟೀಚರ್ ಚಿಕ್ಕ ವಯಸ್ಸಿನವರು, ಕೆಲಸಕ್ಕೆ ಹೊಸಬರು. ನಕ್ಕು, "ನಮ್ಮ ಹತ್ರ ಮಾತು ಕೇಳ್ತಾನೆ ಸರ್, ಹೊಡೆಯೋದು ಯಾಕೆ" ಅಂತ ಹೇಳಿ ಹುಡುಗನ ನೋಟ್‌ಬುಕ್ ತೆಗೆದು ಒಂದು ಒಳ್ಳೆಯ ಪುಟ ತೋರಿಸಿದರು. ಛಡಿ ಚಂ ಚಂ ವಿದ್ಯೆ ಘಂ ಘಂ ಅಂತ ಕೇಳಿ ಬೆಳೆದ ಊರಿನಲ್ಲಿ ಹೀಗೆ ಹೇಳುವುದು ಸುಲಭ ಅಲ್ಲ.

ಅದೇ ಟೀಚರ್ ಈಗ ಮಗಳ ಕ್ಲಾಸ್ ಟೀಚರ್. ಅವರ ಬಗ್ಗೆ ಇನ್ನೊಂದು ಹೇಳಲೇಬೇಕು. ಕ್ಲಾಸಿನಲ್ಲಿ ಘಮಘಮ ರಬ್ಬರ್‌ಗಳು ಕಾಣೆಯಾಗುತ್ತಿದ್ದವು. ಸ್ಟ್ರಾಬೆರಿ ವಾಸನೆಯ ರಬ್ಬರ್, ಮೂರನೇ ಕ್ಲಾಸಿನವರಿಗೆ ಅದು ಬಂಗಾರಕ್ಕಿಂತ ಹೆಚ್ಚು. ದಿನಾ ಒಬ್ಬರಲ್ಲ ಒಬ್ಬರು ಅಳುತ್ತಾ ಬರುವುದು, ಇವನೇ ಕದ್ದ, ಅವಳೇ ಕದ್ದಳು ಅನ್ನುವುದು. ವಾಟ್ಸಾಪ್ ಗ್ರೂಪಿನಲ್ಲಿ ತಾಯಂದಿರು ಎಲ್ಲರ ಬ್ಯಾಗ್ ಚೆಕ್ ಮಾಡಿಸಿ ಅಂತ ಹಟ ಹಿಡಿದರು. ಟೀಚರ್ ಬ್ಯಾಗ್ ಮುಟ್ಟಲಿಲ್ಲ. ಒಂದು ಶೂ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ ಬಾಗಿಲ ಹಿಂದೆ ಇಟ್ಟು, ಯಾರಿಗೆ ಯಾರ ವಸ್ತು ಸಿಕ್ಕರೂ ಇದರಲ್ಲಿ ಹಾಕಿ, ಯಾರು ಹಾಕಿದರು ಅಂತ ನಾನು ನೋಡುವುದಿಲ್ಲ ಅಂದರಂತೆ. ಮೊದಲ ದಿನ ಏನೂ ಬರಲಿಲ್ಲ. ಆಮೇಲೆ ಒಂದೊಂದಾಗಿ ಬಂದವು, ರಬ್ಬರು, ಶಾರ್ಪ್‌ನರು, ಯಾರೂ ಕಳೆದಿದೆ ಅಂತ ಹೇಳದೇ ಇದ್ದ ಒಂದು ಕೀ ಚೈನ್ ಕೂಡ. ಕದ್ದವರು ಯಾರು ಅಂತ ಇವತ್ತಿಗೂ ಮಕ್ಕಳಿಗೆ ಗೊತ್ತಿಲ್ಲ. ಟೀಚರಿಗೆ ಗೊತ್ತಿರಬಹುದು. ಎಂಟು ವರ್ಷದ ಮಗುವಿಗೆ ಕಳ್ಳ ಅಂತ ಹೆಸರು ಬಿದ್ದರೆ ಏಳನೇ ಕ್ಲಾಸಿನವರೆಗೂ ಅದು ಹೋಗುವುದಿಲ್ಲ. ಗ್ರೂಪಿನಲ್ಲಿ ಹಟ ಹಿಡಿದಿದ್ದ ಯಾರೂ ಥ್ಯಾಂಕ್ಸ್ ಹೇಳಲಿಲ್ಲ ಅನ್ನುವುದನ್ನೂ ಬರೆದಿಡುತ್ತೇನೆ.

ಮಗನ ಕ್ಲಾಸಿನಲ್ಲೂ ಜಗಳದ ವಿಷಯ ಚೆನ್ನಾಗಿ ನೋಡುತ್ತಾರೆ. ಒಂದನೇ ಕ್ಲಾಸಿನವರು ಕಚ್ಚುತ್ತಾರೆ, ತಳ್ಳುತ್ತಾರೆ, ಪೆನ್ಸಿಲ್ ಚುಚ್ಚುತ್ತಾರೆ. ಅಲ್ಲಿನ ಮಿಸ್ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು ಮೊದಲು ಪೆಟ್ಟಾದವನನ್ನು ಕೇಳುತ್ತಾರೆ, ಆಮೇಲೆ ಹೊಡೆದವನನ್ನು. "ಸಾರಿ ಹೇಳು" ಅಂತ ಬಲವಂತ ಮಾಡುವುದಿಲ್ಲ. ಪೆಟ್ಟಾದ ಜಾಗಕ್ಕೆ ನೀರು ಹಚ್ಚಲು ಹೊಡೆದವನನ್ನೇ ಕಳಿಸುತ್ತಾರೆ, ಆಯಮ್ಮನ ಜೊತೆ. ಇದನ್ನು ಅವರು ಎಲ್ಲಿ ಕಲಿತರೋ ಗೊತ್ತಿಲ್ಲ. ಅದೇ ದಿನ ಡೈರಿಯಲ್ಲಿ ಎರಡು ಸಾಲು ಬರೆಯುತ್ತಾರೆ, ಎರಡೂ ಮನೆಗೆ. ಇನ್ನೊಂದು ಮಗುವಿನ ಹೆಸರು ಇರುವುದಿಲ್ಲ. ಈ ಹೆಸರು ಬರೆಯದ ಪದ್ಧತಿ ಬಹಳ ಜಗಳ ತಪ್ಪಿಸಿದೆ. ಬರೆದಿದ್ದರೆ ನಮ್ಮಲ್ಲಿ ಮಕ್ಕಳ ಜಗಳ ಸಂಜೆಗೆ ದೊಡ್ಡವರ ಜಗಳ ಆಗುವುದಕ್ಕೆ ಎಷ್ಟು ಹೊತ್ತು ಬೇಕು?

ಇಲ್ಲಿವರೆಗೆ ಓದಿದವರು ಇದು ತುಂಬಾ ಒಳ್ಳೆಯ ಶಾಲೆ ಅಂದುಕೊಂಡಿರುತ್ತೀರಿ. ಮಕ್ಕಳು ಮಾಡಿದ ತಪ್ಪಿನ ವಿಷಯದಲ್ಲಿ ಇದು ಒಳ್ಳೆಯ ಶಾಲೆಯೇ. ತೊಂದರೆ ಇರುವುದು ದೊಡ್ಡವರು ಮಾಡಿದ ತಪ್ಪಿನಲ್ಲಿ. ಅದಕ್ಕೂ ಇಲ್ಲಿ ನಿಲ್ಲುವವರು ಮಕ್ಕಳೇ.

ತಡವಾಗಿ ಬರುವುದನ್ನೇ ತೆಗೆದುಕೊಳ್ಳಿ. 9.15ಕ್ಕೆ ಗೇಟ್ ಹಾಕುತ್ತಾರೆ. ಆಮೇಲೆ ಬಂದ ಮಕ್ಕಳು ಪ್ರಾರ್ಥನೆ, ಪಂಚಾಂಗ, ಪೇಪರ್ ಓದುವುದು, ಎಲ್ಲ ಮುಗಿಯುವವರೆಗೆ ಗೇಟಿನ ಹೊರಗೆ ರಸ್ತೆ ಮಗ್ಗುಲಲ್ಲಿ ನಿಲ್ಲಬೇಕಿತ್ತು. ಮುಗಿದ ಮೇಲೆ ಪಿಟಿ ಸರ್ ಬಂದು ಸಾಲಾಗಿ ಒಳಗೆ ಬಿಡುತ್ತಾರೆ, ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಾರೆ, ಮೂರು ಸಲ ಆದರೆ ಆ ವಾರ ಆಟದ ಪೀರಿಯಡ್ ಇಲ್ಲ. ಈಗ ಹೇಳಿ, ಆರು ವರ್ಷದ ಮಗು ತಾನಾಗಿ ತಡ ಮಾಡುತ್ತದೆಯಾ? ಅದನ್ನು ಎಬ್ಬಿಸುವವರು ನಾವು, ಸ್ನಾನ ಮಾಡಿಸುವವರು ನಾವು, ಕರೆದುಕೊಂಡು ಹೋಗುವುದು ಆಟೋದವನು. ಸುಧಾ ಕ್ರಾಸ್ ಹತ್ತಿರ ರೈಲ್ವೆ ಗೇಟ್ ಬಿದ್ದರೆ ಏನಾಗುತ್ತದೆ ಅಂತ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಅದಿರು ತುಂಬಿದ ಗೂಡ್ಸ್ ಗಾಡಿ ಹೋಗಲು ಶುರು ಮಾಡಿದರೆ ಮುಗಿಯುವುದೇ ಇಲ್ಲ. ಆ ಕಡೆಯಿಂದ ಬರುವ ಒಂದು ಆಟೋದ ಮಕ್ಕಳು ಅಷ್ಟೂ ಜನ ಒಟ್ಟಿಗೆ ಲೇಟ್ ಆಗುತ್ತಾರೆ, ಒಟ್ಟಿಗೆ ನಿಲ್ಲುತ್ತಾರೆ, ಆಟೋದವನು ಮಾತ್ರ ಮುಂದಿನ ಬಾಡಿಗೆಗೆ ಹೋಗಿರುತ್ತಾನೆ. ಇಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಬಿಸಿಲು ಬೇರೆ ಊರಿನ ಮಧ್ಯಾಹ್ನದ್ದು. ಮಾರ್ಚ್ ಕೊನೆಗೆ 40 ಡಿಗ್ರಿ ಹತ್ತಿರ ಹೋಗುವ ಊರು.

ಇದನ್ನು ಎಚ್ಎಂ ಮೇಡಂ ಹತ್ತಿರ ಕೇಳಿದೆ. ಜಗಳಕ್ಕಲ್ಲ, ಕೇಳುವುದಕ್ಕೆ. ಅವರು ಹೇಳಿದ್ದು ಹೀಗೆ. "ನೋಡ್ರಮ್ಮ, ಒಳಗೆ ಬಿಟ್ಟರೆ ನಾಳೆ ಎಲ್ಲಾರೂ ಲೇಟ್ ಬರ್ತಾರೆ. ಪೇರೆಂಟ್ಸಿಗೆ ಭಯ ಇರಬೇಕಲ್ಲ." ಅವರ ಮಾತಿನಲ್ಲೇ ಎಲ್ಲ ಇದೆ. ಭಯ ಇರಬೇಕಾದದ್ದು ಪೇರೆಂಟ್ಸಿಗೆ, ಬಿಸಿಲಲ್ಲಿ ನಿಲ್ಲುವುದು ಮಗು. ನನಗೆ ಫೋನ್ ಮಾಡಿ, ನನ್ನನ್ನು ಕರೆಸಿ, ನನ್ನ ಹತ್ತಿರ ಪತ್ರ ಬರೆಸಿಕೊಳ್ಳಿ, ದಂಡ ಬೇಕಾದರೂ ಹಾಕಿ, ಮಕ್ಕಳನ್ನು ಮಾತ್ರ ಒಳಗೆ ನೆರಳಲ್ಲಿ ಕೂರಿಸಿ ಅಂದೆ. ನೋಡೋಣ ಅಂದರು. ಆಮೇಲೆ ಒಂದು ಬದಲಾವಣೆ ಆಯಿತು. ಈಗ ಗೇಟಿನ ಒಳಗೆ, ಬೇವಿನ ಮರದ ಕೆಳಗೆ ನಿಲ್ಲಿಸುತ್ತಾರೆ. ರಸ್ತೆ ಮೇಲೆ ನಿಲ್ಲುವುದು ತಪ್ಪಿತು, ಅಷ್ಟಾದರೂ ಆಯಿತು. ಆದರೆ ಆಟದ ಪೀರಿಯಡ್ ಕಿತ್ತುಕೊಳ್ಳುವುದು ಇನ್ನೂ ಇದೆ. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತ ಮಗುವಿಗೆ ಓಡಾಡಲು ಇರುವುದು ಅದೊಂದೇ ಹೊತ್ತು. ಅದನ್ನು ಕಿತ್ತುಕೊಂಡರೆ ಮುಂದಿನ ಪೀರಿಯಡ್‌ನಲ್ಲಿ ಸುಮ್ಮನೆ ಕೂರು ಅಂದರೆ ಕೂರುತ್ತದೆಯಾ?

ಫೀಸಿನದೂ ಇದೇ ಕಥೆ. ಟರ್ಮ್ ಫೀಸು ಬಾಕಿ ಇರುವ ಮಕ್ಕಳ ಹೆಸರನ್ನು ಆಫೀಸಿನಿಂದ ಚೀಟಿ ಕಳಿಸಿ ಕ್ಲಾಸಿನಲ್ಲಿ ಓದಿಸುತ್ತಿದ್ದರು. ಎದ್ದು ನಿಲ್ಲಬೇಕು, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಅಂತ ಎಲ್ಲರ ಮುಂದೆ ಹೇಳಿಸಿಕೊಳ್ಳಬೇಕು. ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳೇ ಜಾಸ್ತಿ, ಆರ್ಡರ್ ಬಂದ ತಿಂಗಳು ಕೈಯಲ್ಲಿ ದುಡ್ಡು, ಇಲ್ಲದ ತಿಂಗಳು ಇಲ್ಲ. ಇದು ಆ ಮಗುವಿನ ನಡತೆಗೆ ಏನು ಸಂಬಂಧ? ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ, ಅದರಲ್ಲಿ ಮಾನಸಿಕ ಹಿಂಸೆ ಅಂದರೆ ಏನು ಅಂತ ಬಿಡಿಸಿ ಬರೆದಿದ್ದಾರೆ. ಹೀಯಾಳಿಸುವುದು, ಅಡ್ಡಹೆಸರು ಇಡುವುದು, ಎಲ್ಲರ ಮುಂದೆ ನಾಚಿಕೆಪಡಿಸುವುದು ಎಲ್ಲ ಅದರೊಳಗೇ ಬರುತ್ತದೆ. ಹೊಡೆದರೆ ಮಾತ್ರ ಶಿಕ್ಷೆ ಅಂದುಕೊಂಡ ಶಾಲೆಗಳು ಆ ಪುಟವನ್ನು ಒಮ್ಮೆ ಓದಬೇಕು. ಈ ವರ್ಷ ಹೆಸರು ಓದುವುದು ನಿಂತಿದೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ಕೆಲವು ಅಪ್ಪಂದಿರು ಹೋಗಿ ಗಟ್ಟಿಯಾಗಿ ಮಾತಾಡಿದ್ದಕ್ಕೆ ನಿಂತಿತು ಅಂತ ಕೇಳಿದೆ. ಹಾಗಾದರೂ ಸರಿ.

ಇಂಗ್ಲಿಷ್ ಟೋಕನ್ ಮಾತ್ರ ನನಗೆ ಇನ್ನೂ ಅರಗಿಲ್ಲ. ಮೂರನೇ ಕ್ಲಾಸಿನಿಂದ ಶಾಲೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು. ಮಾತಾಡಿದವರ ಕೈಗೆ ಒಂದು ಮರದ ಟೋಕನ್ ಕೊಡುತ್ತಾರೆ. ಆ ಮಗು ಕನ್ನಡ ಮಾತಾಡುವ ಇನ್ನೊಬ್ಬರನ್ನು ಹಿಡಿದು ಅವರಿಗೆ ದಾಟಿಸಬೇಕು. ಲಾಂಗ್ ಬೆಲ್ ಹೊತ್ತಿಗೆ ಯಾರ ಕೈಯಲ್ಲಿ ಇರುತ್ತದೋ ಅವರಿಗೆ ಇಂಪೋಸಿಷನ್, "ಐ ವಿಲ್ ಸ್ಪೀಕ್ ಇನ್ ಇಂಗ್ಲಿಷ್" ಅಂತ ಐವತ್ತು ಸಲ. ಹೀಗಾಗಿ ಮಕ್ಕಳು ದಿನಪೂರ್ತಿ ಒಬ್ಬರ ಬಾಯಿ ಇನ್ನೊಬ್ಬರು ಕಾಯುತ್ತಾರೆ. ಟೋಕನ್ ಇರುವ ಹುಡುಗಿ ಬಿದ್ದು ಮಂಡಿ ಕೆತ್ತಿಸಿಕೊಂಡ ಗೆಳತಿಯ ಪಕ್ಕ ಹೋಗಿ ನಿಂತಿದ್ದಳಂತೆ, ಅವಳು ಅಳುವಾಗ ಅಮ್ಮಾ ಅಂದರೆ ದಾಟಿಸಬಹುದು ಅಂತ. ಇದನ್ನು ಮಗಳು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಬಳ್ಳಾರಿಯ ಮಕ್ಕಳು ಮೂರು ಭಾಷೆಯಲ್ಲಿ ಬೆಳೆಯುತ್ತಾರೆ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು. ನಾಲ್ಕನೆಯದನ್ನೂ ಕಲಿಯುತ್ತಾರೆ, ಕಲಿಯಲಿ, ಅದಕ್ಕೇ ಫೀಸು ಕೊಡುವುದು. ಆದರೆ ಮಾತು ಬರದ ಮಗು ಏನು ಮಾಡುತ್ತದೆ? ಬಾಯಿ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಶಿಸ್ತು. ಇದೇ ಶಾಲೆಯಲ್ಲಿ ಕನ್ನಡ ಒಂದು ಪಾಠ, ಇರಲೇಬೇಕು, 2015ರ ಕನ್ನಡ ಕಲಿಕಾ ಕಾಯ್ದೆ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲೂ ಮೊದಲನೇ ಅಥವಾ ಎರಡನೇ ಭಾಷೆಯಾಗಿ ಕಡ್ಡಾಯ. ಕನ್ನಡ ಮೇಡಂ ಪೀರಿಯಡ್ ಮುಗಿಸಿ ಹೊರಗೆ ಹೋದ ಮರುಕ್ಷಣ ಅದೇ ಮಾತು ಟೋಕನ್ ಬೀಳುವ ತಪ್ಪಾಗುತ್ತದೆ. ಈ ವಿಷಯದಲ್ಲಿ ಪೇರೆಂಟ್ಸ್ ಯಾರೂ ನನ್ನ ಜೊತೆ ನಿಲ್ಲಲಿಲ್ಲ. "ಹಂಗಾದ್ರೂ ಇಂಗ್ಲಿಷ್ ಬರ್ಲಿ ಬಿಡ್ರಿ" ಅಂದರು. ಹಾಗಾಗಿ ಟೋಕನ್ ಇನ್ನೂ ಓಡಾಡುತ್ತಿದೆ.

ಕ್ಲಾಸ್ ಲೀಡರ್ ಪದ್ಧತಿಯೂ ಇದೆ, ಟೀಚರ್ ಇಲ್ಲದಾಗ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು. ಎಲ್ಲ ಶಾಲೆಯಲ್ಲೂ ಇರುವಂಥದ್ದು. ಲೀಡರಿಗೆ ಚಾಕಲೇಟ್ ಕೊಟ್ಟವರ ಹೆಸರು ಅಳಿಸಿ ಹೋಗುತ್ತದೆ. ರಾಜಕೀಯ ಕಲಿಯಲಿ ಅಂತ ಬಿಟ್ಟಿದ್ದೇನೆ.

ಮೂತ್ರಕ್ಕೆ ಕಳಿಸುವ ವಿಷಯ ಹೇಳಲು ಮರೆಯಬಾರದು, ಸಣ್ಣ ಮಕ್ಕಳ ತಾಯಂದಿರು ಇದನ್ನೇ ಮೊದಲು ಕೇಳಬೇಕು. ಇಲ್ಲಿ ಕಿರುಬೆರಳು ಎತ್ತಿದರೆ ಕಳಿಸುತ್ತಾರೆ, ಪೀರಿಯಡ್ ನಡುವೆಯೂ. ಆಯಮ್ಮ ಹೊರಗೆ ಇರುತ್ತಾರೆ. ನಮ್ಮ ಅಕ್ಕನ ಮಗ ಹೋಗುತ್ತಿದ್ದ ಇನ್ನೊಂದು ಶಾಲೆಯಲ್ಲಿ ಬೆಲ್ ಹೊಡೆದಾಗ ಮಾತ್ರ. ಆ ಹುಡುಗ ಬೇಸಿಗೆಯಲ್ಲೂ ನೀರು ಕುಡಿಯುವುದನ್ನೇ ಬಿಟ್ಟಿದ್ದ, ಬಾಟಲಿ ತುಂಬಿದ್ದು ತುಂಬಿದಂತೆ ವಾಪಸ್ ಬರುತ್ತಿತ್ತು. ಈ ಶಾಲೆಯಲ್ಲಿ ನಡುನಡುವೆ ನೀರು ಕುಡಿಯಲು ಬೇರೆ ಬೆಲ್ ಹೊಡೆಯುತ್ತಾರೆ, ಎಲ್ಲರೂ ಒಟ್ಟಿಗೆ ಬಾಟಲಿ ತೆಗೆಯಬೇಕು. ಬಳ್ಳಾರಿಗೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ.

ಗಲಾಟೆ ವಿಷಯದಲ್ಲಿ ಮಾತ್ರ ಇವರದು ಹಳೇ ಲೆಕ್ಕ. ಎಚ್ಎಂ ರೌಂಡ್ಸ್ ಬಂದಾಗ ಯಾವ ಕ್ಲಾಸಿನಿಂದ ಸದ್ದು ಬಂತೋ ಆ ಟೀಚರಿಗೆ ಕೇಳುತ್ತಾರೆ. ನನ್ನ ನಾದಿನಿ ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪುಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಾರ್ಡ್ ಹಿಡಿದು ಕಲಿಯುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ 2009-10ಕ್ಕೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಅವಳ ಕ್ಲಾಸಿಗೆ ಹೋದರೆ ಕಿವಿ ಮುಚ್ಚಿಕೊಳ್ಳಬೇಕು, ಸಂತೆ ಇದ್ದಂಗೆ ಇರುತ್ತದೆ. ಆದರೆ ಒಂದು ಮೂಲೆಯಲ್ಲಿ ನಿಂತು ಹತ್ತು ನಿಮಿಷ ನೋಡಿ, ಪ್ರತಿಯೊಂದು ಮಗುವಿನ ಕೈಯಲ್ಲಿ ಏನೋ ಕೆಲಸ ಇರುತ್ತದೆ. "ಅತ್ತಿಗೆ, ನಮ್ಮಲ್ಲಿ ಸದ್ದು ನಿಂತರೆ ನನಗೆ ಭಯ ಆಗುತ್ತೆ, ಏನೋ ಕಿತಾಪತಿ ನಡೀತಿದೆ ಅಂತ" ಅನ್ನುತ್ತಾಳೆ. ನಲಿಕಲಿಯಲ್ಲೂ ಕೊರತೆ ಇದೆ, ಅವಳೇ ಹೇಳುತ್ತಾಳೆ. ಆದರೂ ಆರು ವರ್ಷದವರು ಬಾಯಿ ಮೇಲೆ ಬೆರಳಿಟ್ಟು ಕೂತರೆ ಅದಕ್ಕೆ ಫೀಸು ಕೊಡಬೇಕಾ ಅಂತ ನನಗೆ ಅನ್ನಿಸುತ್ತದೆ.

ಟೀಚರುಗಳ ಕಡೆಯದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ಕ್ಲಾಸಿಗೆ ಮೂವತ್ತು ಮಕ್ಕಳಿಗೊಬ್ಬ ಟೀಚರ್ ಅನ್ನುತ್ತದೆ. ಇಲ್ಲಿ ಒಂದು ಸೆಕ್ಷನ್‌ನಲ್ಲಿ ನಲವತ್ತು ದಾಟಿದ್ದಾರೆ. ಸಂಬಳ ಕಡಿಮೆ, ಬಿಎಡ್ ಮುಗಿಸಿದವರು ಸರ್ಕಾರಿ ನೇಮಕಾತಿ ಬಂದ ಕೂಡಲೇ ಹೋಗುತ್ತಾರೆ, ವರ್ಷದ ಮಧ್ಯದಲ್ಲೇ ಕ್ಲಾಸ್ ಟೀಚರ್ ಬದಲು. ರಬ್ಬರ್ ಡಬ್ಬಿಯ ಟೀಚರ್ ಹೋದರೆ ಆ ಡಬ್ಬಿಯೂ ಹೋಗುತ್ತದೆ. ಪಕ್ಕದ ಸೆಕ್ಷನ್‌ನಲ್ಲಿ ಹೀಗೇ ಏನೋ ಕಾಣೆಯಾದಾಗ ಬ್ಯಾಗ್ ಎಲ್ಲ ನೆಲದ ಮೇಲೆ ಸುರಿಸಿದರಂತೆ. ಒಂದೇ ಶಾಲೆ, ಒಂದೇ ಡೈರಿ, ಒಂದೇ ನಿಯಮ. ಗೋಡೆ ಆಚೆ ಬೇರೆ ನ್ಯಾಯ. ಡೈರಿಯಲ್ಲಿ ಆ ಸೂಕ್ತ ಕ್ರಮ ಏನು ಅಂತ ಬರೆದುಬಿಟ್ಟಿದ್ದರೆ ಹೊಸ ಟೀಚರಿಗೂ ಸುಲಭ, ನಮಗೂ ಸುಲಭ.

ನಿಯಮ ಸಡಿಲ ಮಾಡಬೇಕಾದ ಕಡೆ ಮಾಡುತ್ತಾರೆ ಅನ್ನುವುದು ಒಂದು ಸಮಾಧಾನ. ಅಯ್ಯಪ್ಪ ಮಾಲೆ ಹಾಕಿದ ಹುಡುಗರು ಕಪ್ಪು ಬಟ್ಟೆಯಲ್ಲಿ ಬರಿಗಾಲಲ್ಲಿ ಬಂದರೆ ಯಾರೂ ಕೇಳುವುದಿಲ್ಲ, ಕ್ಲಾಸಿನಲ್ಲಿ "ಸ್ವಾಮಿ" ಅಂತಲೇ ಕರೆಯುತ್ತಾರಂತೆ. ಪೀರಲ ಹಬ್ಬದಲ್ಲಿ (ಮೊಹರಂ) ಲಾಡಿ, ಅಂದರೆ ಹರಕೆಯ ದಾರ, ಹಾಕಿಕೊಂಡು ಬಂದ ಮಕ್ಕಳಿಗೂ ತೆಗೆಸಲಿಲ್ಲ, ನಮ್ಮ ಕಡೆ ಹಿಂದೂ ಮನೆಯ ಮಕ್ಕಳೂ ಫಕೀರರಾಗುತ್ತಾರಲ್ಲ. ಉಗಾದಿ, ರಂಜಾನ್ ಮರುದಿನ ಕೈಯಲ್ಲಿ ಮೆಹಂದಿ ಇದ್ದರೂ ಬಿಡುತ್ತಾರೆ. ಹೀಗೆ ಬಿಡುವುದಕ್ಕೆ ಬರುತ್ತದೆ ಅಂದ ಮೇಲೆ ರೈಲ್ವೆ ಗೇಟಿಗೆ ಯಾಕೆ ಬರುವುದಿಲ್ಲ?

ದೂರು ಕೊಡುವ ದಾರಿ ಅಷ್ಟಕ್ಕಷ್ಟೇ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಇರುತ್ತದೆ, ಅದರಲ್ಲಿ ಪೋಷಕರೇ ಜಾಸ್ತಿ. ಅನುದಾನ ಇಲ್ಲದ ಖಾಸಗಿ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆ ಆ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ಹಾಗಾಗಿ ಡೈರಿ, ಆಮೇಲೆ ಎಚ್ಎಂ, ಆಮೇಲೆ ಮ್ಯಾನೇಜ್‌ಮೆಂಟು, ಅಲ್ಲಿಗೂ ಆಗದಿದ್ದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು. ಮಗುವಿಗೆ ನಿಜವಾಗಿ ಹಿಂಸೆ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಮಕ್ಕಳೇ ಮಾಡಿದರೂ ತೆಗೆದುಕೊಳ್ಳುತ್ತಾರೆ. ಈ ನಂಬರ್ ಶಾಲೆಯ ಗೋಡೆ ಮೇಲೆ ಬರೆಸಿದ್ದಾರೆ, ಸ್ಟಾಫ್ ರೂಮಿನ ಪಕ್ಕದ ಗೋಡೆ, ಮಕ್ಕಳು ಆ ಕಡೆ ಹೋಗುವುದೇ ಇಲ್ಲ. ದೂರು ಕೊಟ್ಟರೆ ಟಿಸಿ ಕೊಟ್ಟು ಕಳಿಸುತ್ತಾರೆ ಅಂತ ಹೆದರುವವರಿಗೆ ಒಂದು ಮಾತು. ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ, ಅದೂ ಅದೇ ಕಾಯ್ದೆಯಲ್ಲಿದೆ. 2019ರ ತಿದ್ದುಪಡಿಯಲ್ಲಿ ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲ್ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟರು, ಹೊರಗೆ ಹಾಕುವುದನ್ನಲ್ಲ.

ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ಟೋಕನ್ ನಿಂತ ದಿನ ನಾಲ್ಕು ಮಾಡುತ್ತೇನೆ. ಮಕ್ಕಳನ್ನು ಬಿಡಿಸುತ್ತೀರಾ ಅಂತ ಕೇಳಿದರೆ ಇಲ್ಲ, ಮಗ ಬೆಳಿಗ್ಗೆ ಅಳದೆ ಹೋಗುತ್ತಾನೆ, ಸದ್ಯಕ್ಕೆ ನನಗೆ ಅಷ್ಟು ಸಾಕು.

ಹೊಸದಾಗಿ ಸೇರಿಸುವವರು ಅಡ್ಮಿಷನ್‌ಗೆ ಮೊದಲೇ ಡೈರಿ ಕೇಳಿ ನೋಡಿ. ಅಡ್ಮಿಷನ್ ಆದ ಮೇಲೆ ಕೊಡ್ತೀವಿ ಅನ್ನುತ್ತಾರೆ, ಹಳೇ ವರ್ಷದ್ದು ಒಂದು ಆಫೀಸಿನಲ್ಲಿ ಇದ್ದೇ ಇರುತ್ತದೆ, ಬಿಡಬೇಡಿ. ಇಂಟರ್‌ವ್ಯೂನಲ್ಲಿ ಸ್ಟ್ರಿಕ್ಟ್ ಇದ್ದೀರಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಮಗು ಲೇಟಾದರೆ ಎಲ್ಲಿ ಕೂರಿಸುತ್ತೀರಿ, ಇನ್ನೊಂದು ಮಗುವಿಗೆ ಹೊಡೆದರೆ ಏನು ಮಾಡುತ್ತೀರಿ, ಪೀರಿಯಡ್ ನಡುವೆ ಟಾಯ್ಲೆಟ್ಟಿಗೆ ಕಳಿಸುತ್ತೀರಾ ಅಂತ ಕೇಳಿ. ಆಗುವುದಾದರೆ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಹತ್ತಿರ ಹೋಗಿ ಬನ್ನಿ. ಈ ಶಾಲೆಯಲ್ಲಿ ಫಾರ್ಮ್ ಬೆಳಿಗ್ಗೆ ಹತ್ತರಿಂದ ಕೊಡುತ್ತಾರೆ, ಅರ್ಧ ಗಂಟೆ ಮೊದಲೇ ಹೋದರೆ ಆಯಿತು.